ಸಕ್ಕರೆ ಕಾಯಿಲೆಗೆ ಇನ್ನೂ ಹೊಸ ಔಷಧಿ ಬೇಕೆ? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಧುಮೇಹದ ಹೊಸ ಚಿಕಿತ್ಸೆಗಳ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗಾಗಿ ಒಟ್ಟಿಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರು ಮತ್ತು ವೃತ್ತಿಯನ್ನಷ್ಟೇ ಕೊಟ್ಟಿದೆ. ಈ ಉತ್ತರಗಳನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸುವುದಾಗಲಿ, ಹೊಸದನ್ನು ಆರಂಭಿಸುವುದಾಗಲಿ ಮಾಡಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೊದಲು ದಿನಕ್ಕೊಂದು ಮಾತ್ರೆ ಇತ್ತು, ಈಗ ನಾಲ್ಕು ಬಗೆಯ ಮಾತ್ರೆಗಳಾಗಿವೆ. ಪಥ್ಯ ಬಿಟ್ಟಿಲ್ಲ, ವಾಕಿಂಗ್ ತಪ್ಪಿಸಿಲ್ಲ. ಆದರೂ ವೈದ್ಯರು ಇನ್ನು ಇನ್ಸುಲಿನ್ ಬೇಕಾಗಬಹುದು ಎನ್ನುತ್ತಿದ್ದಾರೆ. ಇಷ್ಟೊಂದು ಔಷಧಿಗಳು ಇರುವಾಗಲೂ ಹೊಸದು ಬೇಕೆನ್ನುವುದು ಕಂಪನಿಗಳ ವ್ಯಾಪಾರವಲ್ಲವೇ?
(ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ವ್ಯಾಪಾರದ ಲೆಕ್ಕಾಚಾರ ಇಲ್ಲವೆಂದು ನಾನು ಹೇಳಲಾರೆ. ಆದರೆ ಹೊಸ ಔಷಧಿ ಏಕೆ ಬೇಕೆಂಬುದಕ್ಕೆ ನಿಮ್ಮ ಅನುಭವವೇ ಉತ್ತರ ಕೊಡುತ್ತಿದೆ. ಪಥ್ಯ ಮುರಿಯದೆ, ನಡಿಗೆ ಬಿಡದೆ, ಬರೆದುಕೊಟ್ಟ ಮಾತ್ರೆಗಳನ್ನೆಲ್ಲ ನುಂಗಿದ ಮೇಲೂ ಕಾಯಿಲೆ ಮುಂದುವರಿದಿದ್ದರೆ ಅದಕ್ಕೆ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಕಾಗಿಲ್ಲ. ನಾವು ಇದುವರೆಗೆ ಕೊಡುತ್ತಾ ಬಂದ ಮಾತ್ರೆಗಳಲ್ಲಿ ಹೆಚ್ಚಿನವು ರಕ್ತದಲ್ಲಿನ ಸಕ್ಕರೆಯನ್ನು ಇಳಿಸುತ್ತವೆಯೇ ಹೊರತು ಕಾಯಿಲೆಯ ಬೇರಿನವರೆಗೆ ಹೋಗುವುದಿಲ್ಲ.

ಈ ಔಷಧಿಗಳು ಹುಟ್ಟಿದ ಬಗೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. 1942ರಲ್ಲಿ ಫ್ರಾನ್ಸಿನ ಮೋಂಪೆಲಿಯೆ ನಗರದಲ್ಲಿ ವಿಷಮಶೀತ ಜ್ವರಕ್ಕೆಂದು ಒಂದು ಸಲ್ಫಾ ಔಷಧಿಯನ್ನು ಕೊಟ್ಟಾಗ ರೋಗಿಗಳ ಸಕ್ಕರೆ ಅಪಾಯಕರವಾಗಿ ಕುಸಿಯಿತು. ಆ ಆಕಸ್ಮಿಕದ ಜಾಡು ಹಿಡಿದು ಬಂದದ್ದೇ ಸಲ್ಫೊನೈಲ್‌ಯೂರಿಯಾ ವರ್ಗ, ಅಂದರೆ ಇಂದು ನೀವು ಗ್ಲಿಮಿಪಿರೈಡ್ ಎಂಬ ಹೆಸರಿನಲ್ಲಿ ಕೊಳ್ಳುವ ಮಾತ್ರೆಯ ಕುಲ. 1957ರಲ್ಲಿ ಅದೇ ದೇಶದ ವೈದ್ಯ ಜಾನ್ ಸ್ಟರ್ನ್ ಅವರು ಮೆಟ್‌ಫಾರ್ಮಿನ್ ಬಳಕೆಯನ್ನು ಪ್ರಕಟಿಸಿದರು. ಅದರ ಮೂಲ ಯೂರೋಪಿನ ಒಂದು ಮೇವಿನ ಗಿಡದಲ್ಲಿದೆ. ಎರಡೂ ಇಂದಿಗೂ ನಮ್ಮ ಚಿಕಿತ್ಸೆಯ ತಳಪಾಯವಾಗಿವೆ. ಇವುಗಳ ನಿಜವಾದ ಶಕ್ತಿಯೂ ಮಿತಿಯೂ ಗೊತ್ತಾದದ್ದು ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ ಬೃಹತ್ ಅಧ್ಯಯನದಿಂದ. ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪ್ರಮಾಣ ಒಂದು ಶೇಕಡಾ ಅಂಶದಷ್ಟು (ಉದಾಹರಣೆಗೆ ಶೇಕಡಾ 8ರ ಬದಲು 7) ಕಡಿಮೆ ಇದ್ದವರಲ್ಲಿ ಕಣ್ಣು, ಮೂತ್ರಪಿಂಡಗಳಂತಹ ಸಣ್ಣ ರಕ್ತನಾಳಗಳ ತೊಂದರೆಗಳು ಶೇಕಡಾ 37ರಷ್ಟು ಕಡಿಮೆ ಕಂಡುಬಂದವು. ಇದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿಯೆಂದರೆ, ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧದಷ್ಟು ಕುಗ್ಗಿರುತ್ತದೆ, ಮತ್ತು ಆ ಅಧ್ಯಯನದಲ್ಲಿ ಕೊಟ್ಟ ಯಾವ ಔಷಧಿಯೂ ಆ ಕುಸಿತವನ್ನು ತಡೆದು ನಿಲ್ಲಿಸಲಿಲ್ಲ. ಸಲ್ಫೊನೈಲ್‌ಯೂರಿಯಾ ಮಾತ್ರೆ ಮಾಡುವ ಕೆಲಸ ಬಳಲಿದ ಎತ್ತಿಗೆ ಬಾರುಕೋಲು ಬೀಸಿದಂತಹದು. ಎತ್ತು ಕೆಲವು ವರ್ಷ ಎಳೆಯುತ್ತದೆ, ಆಮೇಲೆ ಎಷ್ಟು ಬೀಸಿದರೂ ಹೆಜ್ಜೆ ಕೀಳುವುದಿಲ್ಲ. ನಿಮ್ಮ ಒಂದು ಮಾತ್ರೆ ನಾಲ್ಕಾದದ್ದರ ಹಿಂದೆ ಇರುವುದು ಇದೇ.

ಸಕ್ಕರೆಯನ್ನು ಇಳಿಸಿದರೆ ಸಾಕು ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದನ್ನು ರೋಸಿಗ್ಲಿಟಜೋನ್ ಎಂಬ ಮಾತ್ರೆ ತೋರಿಸಿತು. ಅದು ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು, ಆದರೆ 2007ರಲ್ಲಿ ಹೃದಯಾಘಾತದ ಆತಂಕ ಎದ್ದಿತು ಮತ್ತು 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಇದೇ ಪ್ರಕರಣದ ಪರಿಣಾಮವಾಗಿ ಅಮೆರಿಕದ ಔಷಧ ನಿಯಂತ್ರಕರು 2008ರಿಂದ ಮಧುಮೇಹದ ಪ್ರತಿ ಹೊಸ ಔಷಧಿಯೂ ಹೃದಯಕ್ಕೆ ಹಾನಿ ಮಾಡುವುದಿಲ್ಲವೆಂದು ತೋರಿಸಬೇಕೆಂದು ವಿಧಿಸಿದರು. ಹಾನಿ ಇಲ್ಲವೆಂದು ತೋರಿಸಲು ಹೊರಟ ಆ ಪ್ರಯೋಗಗಳಲ್ಲೇ 2015ರಲ್ಲಿ ಯಾರೂ ಅಷ್ಟಾಗಿ ನಿರೀಕ್ಷಿಸದ ಲಾಭವೊಂದು ಕಾಣಿಸಿತು. ಅದರ ಬಗ್ಗೆ ತಿಪಟೂರಿನ ಪತ್ರಕ್ಕೆ ಉತ್ತರಿಸುವಾಗ ಬರೆಯುತ್ತೇನೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸಕ್ಕರೆಯನ್ನು ಇನ್ನೂ ಸ್ವಲ್ಪ ಇಳಿಸುವ ಮತ್ತೊಂದು ಮಾತ್ರೆ ನಮಗೆ ತುರ್ತಾಗಿ ಬೇಕಿಲ್ಲ. ಬೀಟಾ ಕೋಶಗಳ ನಾಶವನ್ನು ತಡೆಯುವ, ಹೃದಯ ಮತ್ತು ಮೂತ್ರಪಿಂಡಗಳನ್ನು ಉಳಿಸುವ, ನಮ್ಮ ಮೈಕಟ್ಟಿಗೆ ಒಪ್ಪುವ, ಜಿಲ್ಲಾ ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯಲ್ಲಿ ಸಿಗುವ ಚಿಕಿತ್ಸೆ ಬೇಕು. ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಟೈಪ್ 2 ಮಧುಮೇಹದಲ್ಲಿ ಇವುಗಳ ಪೈಕಿ ಮೊದಲನೆಯದು, ಅಂದರೆ ಬೀಟಾ ಕೋಶಗಳನ್ನು ಉಳಿಸುವ ಚಿಕಿತ್ಸೆ, ಇನ್ನೂ ಕೈಗೆ ಬಂದಿಲ್ಲ. ತೀರ ಆರಂಭದಲ್ಲಿ ತೂಕವನ್ನು ಬಹಳವಾಗಿ ಇಳಿಸಿದರೆ ಬೀಟಾ ಕೋಶಗಳು ಚೇತರಿಸಿಕೊಳ್ಳಬಲ್ಲವೆಂಬುದಕ್ಕೆ ಪುರಾವೆ ಇದೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಠಿಣ ಪಥ್ಯ ಮಾಡಿದವರ ಪೈಕಿ ಶೇಕಡಾ 46 ಜನ ಒಂದು ವರ್ಷದ ಕೊನೆಗೆ ಮಾತ್ರೆಗಳಿಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದರು. ಆದರೆ ಅವರೆಲ್ಲರೂ ಕಾಯಿಲೆ ಪತ್ತೆಯಾಗಿ ಆರು ವರ್ಷಗಳೊಳಗಿನವರು, ತೂಕ ಹೆಚ್ಚಿದ್ದವರು. ಹದಿನೆಂಟು ವರ್ಷದ ಬಳಿಕ ಅದನ್ನು ನಿರೀಕ್ಷಿಸುವುದು ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಇನ್ಸುಲಿನ್ ಬೇಕಾಗುವುದನ್ನು ಸೋಲೆಂದು ಭಾವಿಸಬೇಡಿ. ಅದಕ್ಕೂ ಮುನ್ನ ನಾಲ್ಕು ಮಾತ್ರೆಗಳಲ್ಲಿ ಒಂದೊಂದೂ ಯಾವ ಕೆಲಸಕ್ಕೆ ಇದೆ ಎಂದು ನಿಮ್ಮ ವೈದ್ಯರನ್ನು ಕೇಳಿ. ಒಂದು ನಿಂತು, ಇನ್ನೊಂದು ಬರುವ ಸಾಧ್ಯತೆ ಇದೆ.

ಪ್ರಶ್ನೆ: ನನಗೆ 36 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 47 ಕೆ.ಜಿ. ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಚಿಕ್ಕಂದಿನಲ್ಲಿ ನಮಗೆ ಊಟಕ್ಕೇ ಕಷ್ಟವಿತ್ತು. ಈಗ ಸಕ್ಕರೆ 300 ದಾಟಿದೆ, ಮಾತ್ರೆ ಹತ್ತುತ್ತಿಲ್ಲ. ಎಲ್ಲರೂ 'ತೂಕ ಇಳಿಸು' ಎನ್ನುತ್ತಾರೆ, ನಾನು ಏನನ್ನು ಇಳಿಸಲಿ?
(ನೇಕಾರರು, ಇಳಕಲ್)

ಉತ್ತರ: ನೀವು ಇಳಿಸಬೇಕಾದದ್ದು ಏನೂ ಇಲ್ಲ. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿಎಂಐ ಅಳತೆಯಲ್ಲಿ, ನೀವು 17ರ ಆಸುಪಾಸಿನಲ್ಲಿದ್ದೀರಿ, 18.5ಕ್ಕಿಂತ ಕೆಳಗಿದ್ದರೆ ಅದು ಕಡಿಮೆ ತೂಕ. ನಿಮಗೆ ತೂಕ ಇಳಿಸಲು ಹೇಳಿದವರು ಪುಸ್ತಕದಲ್ಲಿನ ಮಧುಮೇಹಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮನ್ನು ನೋಡದೆ ಮಾತನಾಡಿದ್ದಾರೆ.

ಈ ಪತ್ರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು, ಏಕೆಂದರೆ ಹೊಸ ಚಿಕಿತ್ಸೆಯ ಅಗತ್ಯ ಎಲ್ಲಿ ಅತ್ಯಂತ ತೀವ್ರವಾಗಿದೆಯೋ ಅಲ್ಲಿ ಸಂಶೋಧನೆ ಅತ್ಯಂತ ಕಡಿಮೆ ನಡೆದಿದೆ. ಈಚಿನ ಹೆಸರುವಾಸಿ ಔಷಧಿಗಳ ದೊಡ್ಡ ಪ್ರಯೋಗಗಳಲ್ಲಿ ಪಾಲ್ಗೊಂಡವರ ಸರಾಸರಿ ಬಿಎಂಐ ಸಾಮಾನ್ಯವಾಗಿ 30ಕ್ಕಿಂತ ಮೇಲಿರುತ್ತದೆ. ನಮ್ಮ ದೇಶದ ಮಧುಮೇಹಿಗಳಲ್ಲಿ ಬಹಳಷ್ಟು ಮಂದಿ ಅದಕ್ಕಿಂತ ತೀರ ತೆಳ್ಳಗಿನವರು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರು ಪಕ್ಕಪಕ್ಕ ನಿಂತ ಒಂದು ಚಿತ್ರ 2004ರಲ್ಲಿ ಪ್ರಕಟವಾಗಿತ್ತು. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಈ ಮೈಕಟ್ಟು ಗರ್ಭದಲ್ಲಿಯೇ ರೂಪುಗೊಳ್ಳುತ್ತದೆಂಬುದು ಯಾಜ್ಞಿಕ್ ಅವರ ವಾದ. ಇದರ ಜೊತೆಗೆ ನಮ್ಮ ಮೈಸೂರಿನ ಹೆಸರೂ ಸೇರಿದೆ: ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರು ಮಿಷನ್ ಆಸ್ಪತ್ರೆ ಎಂದು ಕರೆಯುವ ಅದೇ ಆಸ್ಪತ್ರೆ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಜೋಪಾನವಾಗಿ ಬರೆದಿಟ್ಟಿತ್ತು. ದಶಕಗಳ ನಂತರ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟಿದಾಗಿನ ಮೈಯಳತೆಗೂ ತಾಯಿಯ ತೂಕಕ್ಕೂ ಮುಂದೆ ಬರುವ ಮಧುಮೇಹಕ್ಕೂ ಸಂಬಂಧವಿದೆಯೆಂದು ಅದು ತೋರಿಸಿತು. ಬರವಣಿಗೆಯ ಶಿಸ್ತೊಂದೇ ಅರವತ್ತು ವರ್ಷಗಳ ಬಳಿಕ ವಿಜ್ಞಾನಕ್ಕೆ ಒದಗಿಬಂದ ಇಂತಹ ಉದಾಹರಣೆಗಳು ನಮ್ಮಲ್ಲಿ ಅಪರೂಪ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಸಾಧ್ಯತೆ ಇದೆ. ಬಾಲ್ಯದ ಅಪೌಷ್ಟಿಕತೆಯಿಂದ ಬರುವ ಮಧುಮೇಹವನ್ನು 1955ರಲ್ಲೇ ಜಮೈಕಾದಲ್ಲಿ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 1985ರಲ್ಲಿ ಪಟ್ಟಿಗೆ ಸೇರಿಸಿ, ಪುರಾವೆ ಸಾಲದೆಂದು 1999ರಲ್ಲಿ ತೆಗೆದುಹಾಕಿತು. ಹೆಸರು ಹೋದ ಕೂಡಲೇ ಸಂಶೋಧನೆಯ ಹಣವೂ ಹೋಯಿತು. ರೋಗಿಗಳು ಮಾತ್ರ ಉಳಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅಮೆರಿಕದ ಸಂಶೋಧಕರ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥವರಲ್ಲಿ ಇನ್ಸುಲಿನ್ ಉತ್ಪಾದನೆಯೇ ತೀರ ಕಡಿಮೆ ಇರುತ್ತದೆ, ಅದರ ಕೆಲಸಕ್ಕೆ ದೇಹ ಒಡ್ಡುವ ಪ್ರತಿರೋಧ ಮುಖ್ಯ ಕಾರಣವಲ್ಲ ಎಂದು ಕಂಡುಬಂತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದಕ್ಕೆ 'ಟೈಪ್ 5' ಎಂಬ ಹೆಸರನ್ನು ಒಪ್ಪಿಕೊಂಡಿತು. ಎಲ್ಲ ತಜ್ಞರೂ ಇದನ್ನು ಒಪ್ಪುವುದಿಲ್ಲ. ಆದರೂ ಹೆಸರು ಮರಳಿ ಬಂದದ್ದರಿಂದ ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಬೇಕೆಂಬ ಪ್ರಯೋಗಗಳು ನಡೆಯಬಹುದೆಂಬ ಆಸೆ ನನಗಿದೆ. ಈಗ ಅದಕ್ಕೆಂದೇ ರೂಪಿಸಿದ ಚಿಕಿತ್ಸೆ ಇಲ್ಲ. ಇನ್ಸುಲಿನ್ ಹೆಚ್ಚು ಕೊಟ್ಟರೆ, ಹೊಟ್ಟೆಗೆ ಸರಿಯಾಗಿ ಬೀಳದ ದಿನ ಸಕ್ಕರೆ ಕುಸಿದು ಪ್ರಾಣಕ್ಕೆ ಅಪಾಯವಾಗುತ್ತದೆ.

ನೀವು ಮಾಡಬೇಕಾದದ್ದು: ತಡಮಾಡದೆ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಹೋಗಿ. ದೇಹ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಸುವ ಸಿ-ಪೆಪ್ಟೈಡ್ ಮತ್ತು ದೇಹವೇ ತನ್ನ ಇನ್ಸುಲಿನ್ ಕೋಶಗಳ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ ಜಿಎಡಿ ಪ್ರತಿಕಾಯ ಎಂಬ ಎರಡು ರಕ್ತಪರೀಕ್ಷೆಗಳು, ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳಿವೆಯೇ ಎಂದು ನೋಡಲು ಹೊಟ್ಟೆಯ ಸ್ಕ್ಯಾನ್, ಮತ್ತು ಕ್ಷಯರೋಗದ ತಪಾಸಣೆ ಆಗಲೇಬೇಕು. ಕ್ಷಯ ಮತ್ತು ಮಧುಮೇಹ ಒಂದನ್ನೊಂದು ಕರೆದುಕೊಂಡು ಬರುವ ಕಾಯಿಲೆಗಳು. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ಮರುದಿನಕ್ಕೆ ಕಾಯಬೇಡಿ.

ಪ್ರಶ್ನೆ: ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್‌ನಿಂದ ಸಕ್ಕರೆಯೂ ತೂಕವೂ ಇಳಿಯುತ್ತದೆಂದು ಓದಿದೆ. ನನ್ನ ತೂಕ 92 ಕೆ.ಜಿ., ಸಕ್ಕರೆ ಮೂರು ವರ್ಷಗಳಿಂದ ಇದೆ. ಡಲ್ಲಾಸ್‌ನಲ್ಲಿರುವ ಅಕ್ಕ ಬರುವಾಗ ತಂದುಕೊಡುತ್ತೇನೆ ಎನ್ನುತ್ತಾಳೆ. ತರಿಸಿಕೊಳ್ಳಲೇ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅಕ್ಕನ ಕೈಯಲ್ಲಿ ತರಿಸುವುದು ಬೇಡ. ತಣ್ಣಗೆ ಇಡಬೇಕಾದ ಔಷಧಿ ಒಂದು ದಿನದ ಪ್ರಯಾಣದಲ್ಲಿ ಎಷ್ಟು ಬಿಸಿಯಾಯಿತೆಂಬುದು ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದನ್ನು ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ತಿಂಗಳು ತಿಂಗಳು ಏರಿಸಬೇಕಾಗುತ್ತದೆ, ಅದನ್ನು ನೋಡಿಕೊಳ್ಳುವ ವೈದ್ಯರು ಇಲ್ಲಿಯೇ ಇರಬೇಕು.

ಔಷಧಿಯ ಬಗ್ಗೆ ನೀವು ಓದಿದ್ದು ಬಹುಪಾಲು ನಿಜ. ಊಟವಾದಾಗ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಕರಿಸುವ ಈ ವರ್ಗದ ಮೊದಲ ಔಷಧಿ 2005ರಲ್ಲಿ ಬಂದದ್ದು, ಅಮೆರಿಕದ ಮರುಭೂಮಿಯ ವಿಷಕಾರಿ ಹಲ್ಲಿಯೊಂದರ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನ ಆಧಾರದ ಮೇಲೆ. ಅಲ್ಲಿಂದ ಸೆಮಾಗ್ಲುಟೈಡ್, ಎರಡು ಹಾರ್ಮೋನುಗಳ ಕೆಲಸ ಮಾಡುವ ಟಿರ್ಜೆಪಟೈಡ್ ಬಂದಿವೆ. ಸಕ್ಕರೆ ಹೆಚ್ಚಿದ್ದಾಗಷ್ಟೇ ಇವು ಇನ್ಸುಲಿನ್ ಬಿಡಿಸುವುದರಿಂದ ಇವುಗಳಿಂದ ಮಾತ್ರವೇ ಸಕ್ಕರೆ ಅಪಾಯಕರವಾಗಿ ಕುಸಿಯುವುದು ವಿರಳ. ಸೆಮಾಗ್ಲುಟೈಡ್ ಮೂತ್ರಪಿಂಡದ ಗಂಭೀರ ತೊಂದರೆಗಳನ್ನು ಶೇಕಡಾ 24ರಷ್ಟು ತಗ್ಗಿಸಿತೆಂದು 2024ರ ಪ್ರಯೋಗವೊಂದು ತೋರಿಸಿದೆ. ನಿಮ್ಮ ತೂಕ ಮತ್ತು ಕಾಯಿಲೆಯ ಅವಧಿಯನ್ನು ನೋಡಿದರೆ ನಿಮಗೆ ಇದು ಯೋಚಿಸತಕ್ಕ ಚಿಕಿತ್ಸೆಯೇ.

ಇನ್ನೊಂದು ಮುಖವನ್ನೂ ನೋಡಿ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಮೊದಲೇ ಸ್ನಾಯು ಕಡಿಮೆ ಇರುವ ನಮ್ಮವರಿಗೆ ಅದು ಸಣ್ಣ ವಿಷಯವಲ್ಲ. ಕಾಳು, ಮೊಟ್ಟೆ, ಮೊಸರು ಮತ್ತು ಭಾರ ಎತ್ತುವ ವ್ಯಾಯಾಮ ಇಲ್ಲದೆ ಈ ಇಂಜೆಕ್ಷನ್ ಆರಂಭಿಸಬಾರದೆಂಬುದು ನನ್ನ ನಿಲುವು. ಮಧುಮೇಹ ಇಲ್ಲದ ಸ್ಥೂಲಕಾಯರಲ್ಲಿ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ ಕಳೆದುಕೊಂಡ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಅಂದರೆ ಇದು ದೀರ್ಘಕಾಲದ ಖರ್ಚು. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಒಂದು ವಾರದ ಸೀಸೆಗೆ 3,500ರಿಂದ 4,375 ರೂಪಾಯಿ ಇತ್ತು. ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ದೇಶೀಯ ತಯಾರಕರು ಬಂದಂತೆ ಬೆಲೆ ಇಳಿಯುವುದು ಸಹಜ. ಗರ್ಭ ಧರಿಸುವ ಯೋಚನೆ ಇದ್ದರೆ, ಅಥವಾ ಮನೆತನದಲ್ಲಿ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಇದ್ದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯೊಂದಕ್ಕೆ ಹಿಂದೆ 60 ರೂಪಾಯಿ ಕೊಡುತ್ತಿದ್ದೆ. ಈಗ ಮೆಡಿಕಲ್ ಸ್ಟೋರಿನವರು ಬೇರೆ ಕಂಪನಿಯದನ್ನು ಹತ್ತು ರೂಪಾಯಿಗೆ ಕೊಡುತ್ತಿದ್ದಾರೆ. ಇಷ್ಟು ಅಗ್ಗವಾದದ್ದು ಅಸಲಿ ಆಗಿರಲು ಸಾಧ್ಯವೇ?
(ತೆಂಗು ಬೆಳೆಗಾರರು, ತಿಪಟೂರು)

ಉತ್ತರ: ಸಾಧ್ಯವಿದೆ. ನೀವು ಹೇಳುವ ಬಗೆಯ ಮಾತ್ರೆಯಾದ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು, ಅನೇಕ ಭಾರತೀಯ ಕಂಪನಿಗಳು ಒಮ್ಮೆಲೇ ಅದನ್ನು ತಯಾರಿಸತೊಡಗಿದವು. ಅದೇ ವರ್ಗದ ಡಾಪಾಗ್ಲಿಫ್ಲೋಜಿನ್ 2020ರಲ್ಲೇ ಹೀಗೆ ಅಗ್ಗವಾಗಿತ್ತು. ಬಿಲ್ ಪಡೆಯಿರಿ, ಮಾತ್ರೆಯ ಪಟ್ಟಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ಬೆಲೆ ಕಡಿಮೆ ಎಂಬುದೊಂದೇ ಅನುಮಾನಕ್ಕೆ ಕಾರಣವಾಗಬೇಕಿಲ್ಲ.

ಶಿವಮೊಗ್ಗದವರಿಗೆ ಹೇಳಿದ ಅನಿರೀಕ್ಷಿತ ಲಾಭ ಈ ಮಾತ್ರೆಯದೇ. ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ವಸ್ತುವೊಂದು ಈ ವರ್ಗದ ಪೂರ್ವಜ. ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳದಂತೆ ಇದು ತಡೆಯುತ್ತದೆ. ಸಕ್ಕರೆ ಇಳಿಸುವುದರಲ್ಲಿ ಸಾಧಾರಣ ಮಾತ್ರೆ, ಆದರೆ ಮೊದಲೇ ಹೃದ್ರೋಗವಿದ್ದ ಮಧುಮೇಹಿಗಳಲ್ಲಿ ಹೃದಯ ಸಂಬಂಧಿ ಸಾವುಗಳನ್ನು ಶೇಕಡಾ 38ರಷ್ಟು ತಗ್ಗಿಸಿತೆಂದು 2015ರ ಪ್ರಯೋಗ ತೋರಿಸಿತು. ಮುಂದಿನ ಪ್ರಯೋಗಗಳಲ್ಲಿ ಮೂತ್ರಪಿಂಡದ ಹಾನಿಯೂ ನಿಧಾನವಾಯಿತು. ಡಯಾಲಿಸಿಸ್‌ಗೆಂದು ವಾರಕ್ಕೆರಡು ಮೂರು ಬಾರಿ ಬಸ್ಸು ಹತ್ತುವ ಕುಟುಂಬಗಳನ್ನು ಬಲ್ಲವರಿಗೆ ಇದರ ಬೆಲೆ ಹತ್ತು ರೂಪಾಯಿಗೆ ಇಳಿದದ್ದು ಎಷ್ಟು ದೊಡ್ಡ ಸುದ್ದಿಯೆಂದು ಗೊತ್ತು.

ಹೊಸ ಔಷಧಿಯ ಕುರಿತ ನನ್ನ ಮುಖ್ಯ ತಕರಾರು ಇಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಅದೇ ಅಧ್ಯಯನದ 2022ರ ವರದಿಯಂತೆ, ಕಾಯಿಲೆ ಇದೆಯೆಂದು ತಿಳಿದವರಲ್ಲಿ ಸಕ್ಕರೆಯನ್ನು ಗುರಿಯೊಳಗೆ ಇಟ್ಟುಕೊಂಡವರು ಶೇಕಡಾ 36.3, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರನ್ನೂ ಹತೋಟಿಯಲ್ಲಿ ಇಟ್ಟವರು ಶೇಕಡಾ 7.7 ಮಾತ್ರ. ಒಂದೆರಡು ರೂಪಾಯಿಯ ಮೆಟ್‌ಫಾರ್ಮಿನ್, ಅಷ್ಟೇ ಅಗ್ಗದ ಬಿಪಿ ಮಾತ್ರೆ ಇರುವ ದೇಶದಲ್ಲಿ ಇದು ನಡೆದಿದೆ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸದೆ ಇದ್ದರೆ ಮೂತ್ರಪಿಂಡ ಉಳಿಸುವ ಮಾತ್ರೆ ಯಾರಿಗೆ ಬೇಕೆಂಬುದು ತಿಳಿಯುವುದಾದರೂ ಹೇಗೆ? ನೀವು ಅದನ್ನು ಮಾಡಿಸಿಲ್ಲವಾದರೆ ಈ ತಿಂಗಳೇ ಮಾಡಿಸಿ.

ಎಚ್ಚರಿಕೆಗಳು: ಜನನಾಂಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು, ಸ್ವಚ್ಛತೆ ಮುಖ್ಯ. ವಾಂತಿ ಭೇದಿ ಆದ ದಿನ, ನಿರ್ಜಲ ಉಪವಾಸದ ದಿನ, ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮುನ್ನ ಇದನ್ನು ನಿಲ್ಲಿಸಬೇಕಾಗುತ್ತದೆ, ಏಕೆಂದರೆ ಸಕ್ಕರೆ ಹೆಚ್ಚಿಲ್ಲದೆಯೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು. ಈ ವಿಷಯವನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಎಂದು ಹೇಳಿದ್ದಾರೆ. ದಿನಕ್ಕೆ ನಾಲ್ಕು ಸಲ ಚುಚ್ಚುತ್ತೇವೆ. ನಾಲ್ಕು ಲಕ್ಷ ಕೊಟ್ಟರೆ ಸ್ಟೆಮ್ ಸೆಲ್ ಹಾಕಿ ಪೂರ್ತಿ ವಾಸಿ ಮಾಡುತ್ತೇವೆಂದು ಒಂದು ಕ್ಲಿನಿಕ್‌ನವರು ಹೇಳುತ್ತಿದ್ದಾರೆ. ಹೊಲ ಮಾರಿದರೆ ಹಣ ಆಗುತ್ತದೆ. ಏನು ಮಾಡಲಿ, ಡಾಕ್ಟರೇ?
(ಅಂಗನವಾಡಿ ಕಾರ್ಯಕರ್ತೆ, ಲಿಂಗಸುಗೂರು)

ಉತ್ತರ: ತಾಯಿ, ಹೊಲ ಮಾರಬೇಡಿ. ಮಧುಮೇಹಕ್ಕೆ ಹಣ ಪಡೆದು ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹಾಕಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಉಳಿದೆಲ್ಲವೂ ನೋಂದಾಯಿತ ಪ್ರಯೋಗದಲ್ಲಿ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ.

ಅವರು ಹೇಳುವ ಸುಳ್ಳಿನ ಹಿಂದೆ ಒಂದು ನಿಜವೂ ಇರುವುದರಿಂದ ಅದನ್ನು ಬಿಡಿಸಿ ಹೇಳಬೇಕು. ಟೈಪ್ 1 ಎಂದರೆ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುವ ಕಾಯಿಲೆ. ಸ್ಟೆಮ್ ಸೆಲ್‌ಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ ಹನ್ನೆರಡು ವಯಸ್ಕರ ಪೈಕಿ ಹತ್ತು ಮಂದಿ ಒಂದು ವರ್ಷದ ಬಳಿಕ ಇನ್ಸುಲಿನ್ ಇಲ್ಲದೆ ಇದ್ದರೆಂಬ ವರದಿ 2025ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ಸಿಕ್ಕ ನಂತರದ ನೂರು ವರ್ಷಗಳಲ್ಲಿ ಇಷ್ಟು ಭರವಸೆಯ ಸುದ್ದಿ ಕಡಿಮೆ. ಆದರೆ ಆ ಕೋಶಗಳನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಯನ್ನು ನಿರಂತರವಾಗಿ ಕೊಡಬೇಕು. ಅದರಿಂದ ಬರುವ ಸೋಂಕುಗಳು ಪ್ರಾಣಾಂತಿಕವಾಗಬಲ್ಲವು. ಒಂಬತ್ತು ವರ್ಷದ ಮಗುವಿಗೆ ಆ ಬೆಲೆ ತೆರುವುದು ಇಂದಿನ ಸ್ಥಿತಿಯಲ್ಲಿ ಸರಿಯಲ್ಲ. ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಿತು. ಕಾಯಿಲೆ ಹೊರಬೀಳುವ ಮೊದಲೇ ರಕ್ತಪರೀಕ್ಷೆಯಿಂದ ಅದರ ಸುಳಿವು ಸಿಕ್ಕವರಲ್ಲಿ ಈ ಔಷಧಿ ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ. ಆ ಹಂತವನ್ನು ನಿಮ್ಮ ಮಗಳು ದಾಟಿದ್ದಾಳೆ. ವಾರಕ್ಕೊಮ್ಮೆಯ ಇನ್ಸುಲಿನ್‌ಗೆ ಯೂರೋಪ್ 2024ರಲ್ಲಿ ಒಪ್ಪಿಗೆ ಕೊಟ್ಟಿದೆಯಾದರೂ ಟೈಪ್ 1 ರೋಗಿಗಳಲ್ಲಿ ಸಕ್ಕರೆ ಕುಸಿಯುವುದು ಹೆಚ್ಚಾಗಿ ಕಂಡಿದೆ, ಊಟದ ಮುಂಚಿನ ಇಂಜೆಕ್ಷನ್‌ಗಳನ್ನೂ ಅದು ತಪ್ಪಿಸುವುದಿಲ್ಲ. ಬಾಯಿಂದ ಎಳೆದುಕೊಳ್ಳುವ ಪುಡಿ ಇನ್ಸುಲಿನ್‌ಗೆ ನಮ್ಮ ದೇಶದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿರುವುದು ವಯಸ್ಕರಿಗೆ.

ಹಾಗಾಗಿ ಇಂದು ಅವಳನ್ನು ಕಾಯುವುದು ಹಳೆಯ ಇನ್ಸುಲಿನ್ ಮತ್ತು ನಿಮ್ಮ ಕೈ. ಬೆಂಗಳೂರಿನ ಬಯೋಕಾನ್ 2004ರಿಂದ ದೇಶದಲ್ಲೇ ಇನ್ಸುಲಿನ್ ತಯಾರಿಸುತ್ತಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ಸುಲಿನ್ ಉಚಿತವಾಗಿ ಸಿಗುವ ವ್ಯವಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಮಗಳ ಹೆಸರು ಬರೆಸಿ. ನಿಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ, ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ. ಬಿಸಿಲಿಗೆ ಕೆಡದ ಇನ್ಸುಲಿನ್ ಬರಬೇಕೆಂಬುದು ರಾಯಚೂರು, ಕಲಬುರಗಿಯ ಮಕ್ಕಳಿಗೆ ಸ್ಟೆಮ್ ಸೆಲ್‌ಗಿಂತ ಹತ್ತಿರದ ಅಗತ್ಯ. ಸಂಶೋಧಕರ ಪಟ್ಟಿಯಲ್ಲಿ ಅದು ಮೇಲೆ ಇಲ್ಲದಿರುವುದು ನನಗೆ ಬೇಸರ ತರಿಸುತ್ತದೆ. ಜ್ವರ, ವಾಂತಿ ಇದ್ದಾಗ, ಊಟ ಬಿಟ್ಟಾಗ ಕೂಡ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಶಾಲೆಯ ಚೀಲದಲ್ಲಿ ಸದಾ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ, ಅದು ಏಕೆಂದು ಅವಳ ಟೀಚರಿಗೂ ತಿಳಿದಿರಲಿ.

ಪ್ರಶ್ನೆ: ಇನ್ಸುಲಿನ್ ಗಿಡದ ಎಲೆ ದಿನಾ ಎರಡು ತಿಂದರೆ ಇಂಜೆಕ್ಷನ್ ಬಿಡಬಹುದೆನ್ನುತ್ತಾರೆ. ಹೌದೇ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ಬಿಡಬಾರದು. ಆ ಎಲೆಯಲ್ಲಿ ಇನ್ಸುಲಿನ್ ಇದ್ದಿದ್ದರೂ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಇನ್ಸುಲಿನ್ ಒಂದು ಪ್ರೋಟೀನ್, ಹೊಟ್ಟೆ ಅದನ್ನು ಜೀರ್ಣಿಸಿಬಿಡುತ್ತದೆ. ನುಂಗುವ ಇನ್ಸುಲಿನ್ ಮಾತ್ರೆಗಾಗಿ ಬಯೋಕಾನ್ ವರ್ಷಗಟ್ಟಲೆ ಶ್ರಮಿಸಿತು. ಅದರ ಅಂತಿಮ ಹಂತದ ಪ್ರಯೋಗ ಗುರಿ ಮುಟ್ಟಲಿಲ್ಲವೆಂದು 2011ರಲ್ಲಿ ಕಂಪನಿಯೇ ಪ್ರಕಟಿಸಿತು. ಮಧುನಾಶಿನಿ, ಹಾಗಲಕಾಯಿ, ಮೆಂತ್ಯಗಳಿಗೆ ಸಕ್ಕರೆಯನ್ನು ಸ್ವಲ್ಪ ಇಳಿಸುವ ಗುಣ ಇದ್ದೀತು, ಮೆಟ್‌ಫಾರ್ಮಿನ್ ಕೂಡ ಗಿಡದಿಂದ ಹೊರಟದ್ದೇ. ಆದರೆ ಅದು ಔಷಧಿಯಾದದ್ದು ಪ್ರಮಾಣ, ಅಡ್ಡಪರಿಣಾಮ ಎಲ್ಲವನ್ನೂ ಅಳೆದ ಮೇಲೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆಯೆಂಬುದು ನೆನಪಿರಲಿ. ಹೆಸರಿಲ್ಲದ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಗಳನ್ನೇ ಅರೆದು ಬೆರೆಸಿದ ಪ್ರಕರಣಗಳೂ ಪತ್ತೆಯಾಗಿವೆ.

ಪ್ರಶ್ನೆ: ಆಸ್ಪತ್ರೆಯೊಂದರಲ್ಲಿ ಹೊಸ ಮಧುಮೇಹ ಔಷಧಿಯ ಪ್ರಯೋಗಕ್ಕೆ ಸೇರುವಿರಾ ಎಂದು ನನ್ನ ಪತಿಯನ್ನು ಕೇಳಿದ್ದಾರೆ. ನಮ್ಮನ್ನು ಇಲಿಗಳಂತೆ ಬಳಸಿಕೊಳ್ಳುತ್ತಾರೆಂದು ಮನೆಯವರು ಹೆದರುತ್ತಿದ್ದಾರೆ.
(ಗೃಹಿಣಿ, ಮೈಸೂರು)

ಉತ್ತರ: ಹೆದರಿಕೆ ಸಹಜ, ಆದರೆ ನಮ್ಮವರು ಪ್ರಯೋಗಗಳಲ್ಲಿ ಇಲ್ಲದಿದ್ದರೆ ಇಳಕಲ್ಲಿನ ನೇಕಾರರಂತಹವರಿಗೆ ಯಾವ ಔಷಧಿ ಒಪ್ಪುತ್ತದೆಂಬುದು ಎಂದಿಗೂ ತಿಳಿಯುವುದಿಲ್ಲ. ಸೇರಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಸೇರುವ ಮುನ್ನ ಏನನ್ನು ಕೇಳಬೇಕೆಂದು ಹೇಳುತ್ತೇನೆ.

ಪ್ರತಿ ಪ್ರಯೋಗವೂ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಕೇಂದ್ರದಲ್ಲಿ ದಾಖಲಾಗಿರಬೇಕು, 2009ರಿಂದ ಇದು ಕಡ್ಡಾಯ. ಆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. 2019ರ ನಿಯಮಗಳಂತೆ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಮನೆಗೆ ತಂದು ಎರಡು ದಿನ ಓದಿ, ಅನುಮಾನ ಬಂದ ಸಾಲುಗಳಿಗೆ ಗೆರೆ ಎಳೆದುಕೊಂಡು ಹೋಗಿ. ಹೋಲಿಕೆಗೆ ಕೊಡುವುದು ಬರೀ ಹುಸಿ ಮಾತ್ರೆಯೋ ಅಥವಾ ಈಗಿನ ಚಿಕಿತ್ಸೆಯೋ ಎಂದು ಕೇಳಿ. ನಿಮ್ಮ ಪತಿ ಈಗ ತೆಗೆದುಕೊಳ್ಳುತ್ತಿರುವ, ಹೃದಯ ಅಥವಾ ಮೂತ್ರಪಿಂಡ ಕಾಯುವ ಮಾತ್ರೆಯನ್ನು ನಿಲ್ಲಿಸಬೇಕೆಂದರೆ ನಾನಾದರೆ ಒಪ್ಪುವುದಿಲ್ಲ. ಪ್ರಯೋಗ ಮುಗಿದ ಮೇಲೆ ಔಷಧಿ ಫಲಿಸಿದ್ದರೆ ಅದು ಮುಂದೆಯೂ ಸಿಗುವುದೇ ಎಂಬುದನ್ನು ಸಹಿ ಹಾಕುವ ಮೊದಲೇ ಲಿಖಿತವಾಗಿ ಪಡೆಯಿರಿ. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರುವ ಹಕ್ಕು ಅವರಿಗಿದೆ, ಹೊರಬಂದರೆಂದು ಆ ಆಸ್ಪತ್ರೆ ಅವರ ಮಾಮೂಲು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.